ರಿಪೋರ್ಟ್ ಎಲ್ಲಾ ನಾರ್ಮಲ್, ಹಾಗಾದ್ರೆ ನೋವು ಯಾಕೆ ಬಂತು?

ಓದುಗರ ಪ್ರಶ್ನೆ, ತಜ್ಞರ ಉತ್ತರ
ಉತ್ತರಿಸುವವರು: ತುರ್ತು ಚಿಕಿತ್ಸಾ ವೈದ್ಯೆ, ಕೋಲಾರ

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 54 ವರ್ಷ, ಶುಗರ್ ಇದೆ. ಹೋದ ವಾರ ಕೋಲಾರ ಎಪಿಎಂಸಿಗೆ ಟೊಮೆಟೊ ಹಾಕಲು ಹೋಗಿದ್ದಾಗ ಬೆಳಗಿನ ಜಾವ ಎದೆ ಹಿಡಿದುಕೊಂಡಂತಾಯಿತು, ಬೆವರು ಬಂತು. ಎಮರ್ಜೆನ್ಸಿಗೆ ಸೇರಿಸಿದೆವು. ಎರಡು ಸಲ ಇಸಿಜಿ ತೆಗೆದರು. ಮೂರು ಗಂಟೆ ಬಿಟ್ಟು ಎರಡು ಸಲ ರಕ್ತ ಪರೀಕ್ಷೆ ಮಾಡಿದರು, ಎಕ್ಸ್‌ರೇನೂ ಆಯಿತು. ಮಧ್ಯಾಹ್ನ "ಏನೂ ಇಲ್ಲ, ಮನೆಗೆ ಹೋಗಿ" ಅಂದುಬಿಟ್ಟರು. ಅಪ್ಪ "ಏನೂ ಇಲ್ಲ ಅಂದ್ರೆ ನಾನೇನು ನಾಟಕ ಆಡಿದ್ನಾ?" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಲ್ಲಾ ಸ್ಕ್ಯಾನ್ ಮಾಡಿಸಬೇಕಾ?
- ಬಂಗಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ತಂದೆಯವರಿಗೆ ಬಂದ ನೋವು ನಿಜ. ರಿಪೋರ್ಟ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಈ ಮಾತನ್ನು ಅವತ್ತೇ ಅವರ ಮಂಚದ ಪಕ್ಕ ನಿಂತು ಯಾರಾದರೂ ಹೇಳಬೇಕಿತ್ತು. ಈಗ ನೀವಾದರೂ ಹೇಳಿ.

ಅವತ್ತು ನಡೆದ ಪರೀಕ್ಷೆಗಳ ಅರ್ಥ ಹೀಗೆ. ಎದೆನೋವು ಅಂತ ಬಂದವರಲ್ಲಿ ನಾವು ಮೊದಲು ನೋಡುವುದು, ಜೀವಕ್ಕೆ ಈಗಲೇ ಅಪಾಯ ಇದೆಯಾ ಅಂತ. ಹೃದಯಾಘಾತ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ದೊಡ್ಡ ರಕ್ತನಾಳ ಸೀಳುವುದು, ಇಂಥವು. ಹೃದಯಾಘಾತ ಆಗಿದ್ದರೂ ಮೊದಲ ಇಸಿಜಿ ಕೆಲವೊಮ್ಮೆ ಸರಿಯಾಗೇ ಇರುತ್ತದೆ. ಹೃದಯದ ಸ್ನಾಯುಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಅಂಶ ರಕ್ತಕ್ಕೆ ಇಳಿಯುತ್ತದೆ, ಆದರೆ ಅದು ಏರಲು ಕೆಲವು ಗಂಟೆ ಬೇಕು. ಅದಕ್ಕೇ ಎರಡೆರಡು ಸಲ ನೋಡಿದ್ದು. ನಿಮ್ಮನ್ನು ಅಷ್ಟು ಹೊತ್ತು ಸುಮ್ನೆ ಕೂರಿಸಿರಲಿಲ್ಲ.

ಎರಡೂ ಸಲ ನಾರ್ಮಲ್ ಬಂದಿರುವುದರಿಂದ ಅವತ್ತು ಹೃದಯಾಘಾತ ಆಗಿರುವ ಸಾಧ್ಯತೆ ಬಹಳ ಕಡಿಮೆ. ಇದು ಒಳ್ಳೆಯ ಸುದ್ದಿ, ಇದನ್ನು ಬಾಯಿಬಿಟ್ಟು ಹೇಳಬೇಕು. ಆದರೆ "ಏನೂ ಇಲ್ಲ" ಅನ್ನುವುದು ಬೇರೆ ಮಾತು. ರಕ್ತನಾಳ ಕಿರಿದಾಗಿ, ಭಾರ ಎತ್ತಿದಾಗ ಮಾತ್ರ ಎದೆ ಹಿಡಿಯುವವರಿಗೂ ಸುಮ್ಮನೆ ಮಲಗಿದ್ದಾಗ ಇಸಿಜಿ ಸರಿಯಾಗೇ ಇರಬಹುದು. ಎದೆಗೂಡಿನ ಸ್ನಾಯು ಹಿಡಿದಿರಬಹುದು, ಹೊಟ್ಟೆಯ ಆಮ್ಲ ಮೇಲೆ ಬಂದಿರಬಹುದು, ಗಾಬರಿಯೂ ಇರಬಹುದು. ಯಾವುದು ಅಂತ ಅವತ್ತೇ ಗೊತ್ತಾಗದೆ ಇರುವುದು ಎಮರ್ಜೆನ್ಸಿಯಲ್ಲಿ ದಿನಾ ನಡೆಯುವ ಸಂಗತಿ. ಅದು ನಿರ್ಲಕ್ಷ್ಯ ಅಲ್ಲ. ಅದನ್ನು ರೋಗಿಗೆ ಬಿಡಿಸಿ ಹೇಳದೆ ಕಳಿಸುವುದು ಮಾತ್ರ ತಪ್ಪು.

ಎಲ್ಲಾ ಸ್ಕ್ಯಾನ್ ಬೇಡ. ಇಡೀ ಮೈ ಪರೀಕ್ಷೆಯ ಪ್ಯಾಕೇಜಿಗೆ ದುಡ್ಡು ಸುರಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಂಬಂಧವೇ ಇಲ್ಲದ ಸಣ್ಣಪುಟ್ಟದ್ದು ಏನೋ ಕಂಡು ಹೊಸ ಭಯ ಶುರುವಾಗುತ್ತದೆ. ಆದರೆ 54 ವರ್ಷ, ಶುಗರ್, ಮೇಲಾಗಿ ಬೆವರು ಬಂದಿದೆ. ಇನ್ನೂ ತೋರಿಸಿಲ್ಲದಿದ್ದರೆ ಈ ವಾರವೇ ಫಿಸಿಷಿಯನ್ ಅಥವಾ ಹೃದಯ ತಜ್ಞರಿಗೆ ತೋರಿಸಿ. ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವುದು) ಬೇಕಾ ಅಂತ ಅವರು ನೋಡುತ್ತಾರೆ. ಅಲ್ಲಿವರೆಗೆ ಕ್ರೇಟ್ ಹೊರುವುದು ಬೇಡ. ಅವತ್ತಿನ ಇಸಿಜಿ ಕಾಗದ ಬಿಸಾಡಬೇಡಿ. ಮುಂದಿನ ಡಾಕ್ಟರಿಗೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ.

ಎದೆ ಮತ್ತೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸ ಕಾಣಿಸಬಹುದು, ಅದನ್ನೂ ಗಮನಿಸಿ. ಆಗ ನೇರ ಬೆಂಗಳೂರಿಗೆ ಗಾಡಿ ಓಡಿಸಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲಿ ತೆಗೆದ ಇಸಿಜಿಯನ್ನು ಹೃದಯ ತಜ್ಞರಿಗೆ ಕಳಿಸಿ ಓದಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ದಾರಿಯಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಪ್ರಶ್ನೆ: ಮೇಡಂ, ನಾನು ಮುಳಬಾಗಿಲು ಕಡೆ ಕೆಲಸ ಮಾಡುವ ಹೊಸ ಡಾಕ್ಟರ್. 19 ವರ್ಷದ ಹುಡುಗಿ ಹೊಟ್ಟೆನೋವು ಅಂತ ಬಂದಿದ್ದಳು. ರಕ್ತ, ಸ್ಕ್ಯಾನ್ ಎಲ್ಲಾ ಸರಿ ಇತ್ತು. "ಕಾರಣ ಇನ್ನೂ ಗೊತ್ತಾಗಿಲ್ಲ" ಅಂದಿದ್ದಕ್ಕೆ ಅವಳ ಮಾವ "ಗೊತ್ತಿಲ್ಲ ಅನ್ನೋಕೆ ನೀನ್ಯಾಕೆ ಡಾಕ್ಟ್ರು?" ಅಂತ ಜೋರು ಮಾಡಿದರು. ಸೀನಿಯರ್ ಒಬ್ಬರು "ಗ್ಯಾಸ್ಟ್ರಿಕ್ ಅಂತ ಬರೆದು ಕಳಿಸಿಬಿಡು" ಅಂದರು. ಏನು ಮಾಡಬೇಕಿತ್ತು?

ಉತ್ತರ: ಗ್ಯಾಸ್ಟ್ರಿಕ್ ಅಂತ ಬರೆಯಬೇಡಿ, ತಂಗಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಪೆಂಡಿಕ್ಸ್ ನೋವು ಎಷ್ಟೋ ಸಲ ಹೊಕ್ಕುಳ ಸುತ್ತ ಶುರುವಾಗಿ, ಅರ್ಧ ದಿನ ಒಂದು ದಿನ ಕಳೆದ ಮೇಲೆ ಬಲಗಡೆ ಕೆಳಗೆ ಇಳಿಯುತ್ತದೆ. ಶುರುವಿನಲ್ಲಿ ಸ್ಕ್ಯಾನಿನಲ್ಲೂ ಕಾಣದೆ ಇರಬಹುದು. ನೀವು ಒಂದು ಹೆಸರು ಬರೆದುಕೊಟ್ಟರೆ ಆ ಮನೆಯವರು ಅದನ್ನು ನಂಬುತ್ತಾರೆ. ನೋವು ಜಾಸ್ತಿಯಾದರೂ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. "ಹೊಟ್ಟೆನೋವು, ಕಾರಣ ಇನ್ನೂ ಗೊತ್ತಾಗಿಲ್ಲ, ನಾಳೆ ಮತ್ತೆ ನೋಡಬೇಕು" ಅಂತ ಬರೆದ ಚೀಟಿಯಾದರೆ ಅವಳನ್ನು ವಾಪಸ್ ಕರೆತರುತ್ತದೆ.

ಮಾವನವರ ಕೋಪದ ಹಿಂದೆ ಭಯ ಇದೆ. ಬರಿಗೈಯಲ್ಲಿ ಕಳಿಸುತ್ತಿದ್ದಾರೆ ಅನ್ನಿಸಿದಾಗ ಯಾರಾದರೂ ಹಾಗೆ ಮಾತಾಡುತ್ತಾರೆ. ನಾನಾಗಿದ್ದರೆ ಸ್ಟೂಲ್ ಎಳೆದುಕೊಂಡು ಕೂತು ಮೊದಲು ಕೇಳುತ್ತಿದ್ದೆ: "ಅಣ್ಣ, ನಿಮಗೆ ಏನು ಇರಬಹುದು ಅಂತ ಭಯ?" ಆಮೇಲೆ ಹೀಗೆ ಹೇಳುತ್ತಿದ್ದೆ. "ಹುಡುಗಿಗೆ ನೋವಿರೋದು ನಿಜ. ಈಗಲೇ ಆಪರೇಷನ್ ಬೇಕಾಗುವಂಥದ್ದು ಏನೂ ಕಾಣ್ತಿಲ್ಲ. ಕಲ್ಲು ಕಾಣಲಿಲ್ಲ, ರಕ್ತದಲ್ಲಿ ಸೋಂಕಿನ ಗುರುತಿಲ್ಲ. ಅಪೆಂಡಿಕ್ಸ್ ಮಾತ್ರ ಇಷ್ಟು ಬೇಗ ಗೊತ್ತಾಗದೇ ಇರಬಹುದು. ಅದಕ್ಕೆ ನಾಳೆ ಬೆಳಗ್ಗೆ ಮತ್ತೆ ಹೊಟ್ಟೆ ಮುಟ್ಟಿ ನೋಡ್ತೀನಿ. ನೋವು ಬಲಗಡೆ ಇಳಿದರೆ, ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ನಡೆಯೋಕೆ ಆಗದಿದ್ದರೆ ರಾತ್ರಿಯೇ ಬನ್ನಿ." ಇಷ್ಟು ಹೇಳಲು ಹೆಚ್ಚು ಹೊತ್ತು ಬೇಡ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅರ್ಥ ಆಯ್ತಾ ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. "ಮನೆಗೆ ಹೋಗಿ ಅಜ್ಜಿಗೆ ಏನು ಹೇಳ್ತೀರಿ, ನನಗೊಂದು ಸಲ ಹೇಳಿ" ಅನ್ನಿ. ಎಲ್ಲಿ ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಕಡೆ, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಇರುವವರು ತುಂಬಾ. ನಿಮಗೆ ಬರದಿದ್ದರೆ ತೆಲುಗು ಬರುವ ಸಿಸ್ಟರನ್ನು ಕರೆದುಕೊಳ್ಳಿ, ಅಂದಾಜಿನ ಮೇಲೆ ಬಿಡಬೇಡಿ. ರಾತ್ರಿ ಬರಬೇಕಾದರೆ ಗಾಡಿ ಇದೆಯಾ ಅಂತಲೂ ಕೇಳಿ. ಕೊನೆ ಬಸ್ಸು ಹೋದ ಮೇಲೆ ದಾರಿಯೇ ಇಲ್ಲದ ಊರಾದರೆ ಅವಳನ್ನು ಆ ರಾತ್ರಿ ವಾರ್ಡಿನಲ್ಲೇ ಇಟ್ಟುಕೊಂಡು ನೋಡುವುದು ಸರಿ.

ಇನ್ನೊಂದು ಮಾತು. ಈ ವಯಸ್ಸಿನ ಹುಡುಗಿಗೆ ಹೊಟ್ಟೆನೋವು ಅಂದರೆ ಗರ್ಭದ ಪರೀಕ್ಷೆ ಆಗಲೇಬೇಕು. ಗರ್ಭಕೋಶದ ಹೊರಗೆ ನಿಂತ ಗರ್ಭ ಒಡೆದರೆ ಪ್ರಾಣಕ್ಕೆ ಕುತ್ತು. ಮುಟ್ಟಿನ ವಿಷಯ ಮಾವನ ಎದುರು ಕೇಳಬೇಡಿ. ಪರದೆ ಎಳೆದು, ಅವಳೊಬ್ಬಳನ್ನೇ, ಮೆಲ್ಲಗೆ ಕೇಳಿ. ನೋವಿಗೆ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಮುಚ್ಚಿಹೋಗುತ್ತದೆ ಅನ್ನುವುದು ಹಳೇ ನಂಬಿಕೆ, ಅದಕ್ಕೆ ಹೆದರಿ ಅವಳನ್ನು ನರಳಲು ಬಿಡಬೇಡಿ.

ಪ್ರಶ್ನೆ: ಮಗನಿಗೆ ಮೂರು ದಿನದಿಂದ ಜ್ವರ. ಡೆಂಗ್ಯೂ ಇದೆಯಾ ಅಂತ ನೋಡುವ ಎನ್‌ಎಸ್1 ರಕ್ತ ಪರೀಕ್ಷೆ ನೆಗೆಟಿವ್ ಬಂತು, "ವೈರಲ್ ಇರಬಹುದು" ಅಂತ ಕಳಿಸಿದರು. ನಂಬಬಹುದಾ?
- ಮಾಲೂರಿನ ಓದುಗರು

ಉತ್ತರ: ಡಾಕ್ಟರ್ ಹೇಳಿದ್ದು ಸರಿ ಇರಬಹುದು. ಆದರೆ ಒಂದು ಸಲ ನೆಗೆಟಿವ್ ಬಂದರೆ ಡೆಂಗ್ಯೂ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. ಜ್ವರ ಬಿಟ್ಟಿತು ಅಂತ ನಿರಾಳ ಆಗಬೇಡಿ. ಡೆಂಗ್ಯೂನಲ್ಲಿ ಮೂರರಿಂದ ಏಳನೇ ದಿನದ ಒಳಗೆ, ಜ್ವರ ಇಳಿಯುವ ಹೊತ್ತಿಗೇ ತೊಂದರೆ ಶುರುವಾಗುವುದು. ನಾಳೆ ರಕ್ತ ಕಣಗಳ ಎಣಿಕೆ ಮತ್ತೆ ಮಾಡಿಸಿ. ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಮಂಕಾಗಿ ಮಲಗುವುದು, ಆರು ಗಂಟೆ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಗಂಜಿ, ಎಳನೀರು, ಓಆರ್‌ಎಸ್ ಆಗಾಗ ಕುಡಿಸುತ್ತಿರಿ.