ಎಲ್ ರೆನೋ: ಸುಂಟರಗಾಳಿ ಯಾಕೆ ಕಾಣಿಸುವುದಿಲ್ಲ?

ಅಮೆರಿಕದ ಎಲ್ ರೆನೋ ಊರಿನ ಬಳಿ ಬಂದ ಸುಂಟರಗಾಳಿಯ ವಿಡಿಯೋಗಳಲ್ಲಿ ಬರೀ ಕಪ್ಪು ಮಳೆ ಕಾಣುತ್ತದೆ, ಸುಂಟರಗಾಳಿಗಳ ಬೆನ್ನು ಹತ್ತುವ ಅನುಭವಿಗಳೂ ಅದರಲ್ಲಿ ಹೇಗೆ ಸಿಕ್ಕಿಬಿದ್ದರು ಎಂದು ಕೇಳಿದ್ದೀರಿ. ಆ ಕಪ್ಪು ಮಳೆಯೊಳಗೇ ಸುಂಟರಗಾಳಿ ಇತ್ತು.

2013ರ ಮೇ 31ರಂದು ಒಕ್ಲಹೋಮಾದಲ್ಲಿ ಬಂದ ಇದರ ಅಗಲ ಸುಮಾರು 4.2 ಕಿಲೋಮೀಟರ್. ದಾಖಲಾದವುಗಳಲ್ಲೇ ಅತಿ ಅಗಲವಾದದ್ದು. ನಾವು ಹುಡುಕುವ ಆ ಸೊಂಡಿಲಿನ ಆಕಾರ ಮಳೆಯಲ್ಲಿ ಮುಚ್ಚಿಹೋಗಿತ್ತು. ಅದರೊಳಗೆ ಸಣ್ಣ ಸುಳಿಗಳು ಬೇರೆ, ದೊಡ್ಡದಕ್ಕಿಂತ ಎಷ್ಟೋ ಜೋರಾಗಿ ಓಡುತ್ತಿದ್ದವು. ಮೊದಲು ಆಗ್ನೇಯಕ್ಕೆ ಹೊರಟದ್ದು ಆಮೇಲೆ ಈಶಾನ್ಯಕ್ಕೆ ತಿರುಗಿತು, ಜೊತೆಗೆ ಬೇಗ ಹಿಗ್ಗಿತು. ದೂರದಲ್ಲಿದ್ದೇವೆ ಅಂದುಕೊಂಡವರು ಒಳಗೇ ಇದ್ದರು.

ಸುಂಟರಗಾಳಿ ಸಂಶೋಧಕ ಟಿಮ್ ಸಮರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಅಲ್ಲೇ ತೀರಿಕೊಂಡರು. ಟಿಮ್ ಸುಮ್ನೆ ಸಾಹಸಕ್ಕೆ ಹೋದವರಲ್ಲ. 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲೇ ಉಪಕರಣ ಇಟ್ಟು, ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದದ್ದನ್ನು ಅಳೆದವರು. ಅವರನ್ನು ಹುಚ್ಚು ಸಾಹಸಿ ಎಂದು ಬರೆಯುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ನೀವು ನೋಡಿದಂಥ ವಿಡಿಯೋಗಳಿಂದ ಉಪಯೋಗವೂ ಆಯಿತು. ವಿಜ್ಞಾನಿ ಆಂಟನ್ ಸೈಮನ್ ಮತ್ತು ಸಂಗಡಿಗರು ಈ ಸುಂಟರಗಾಳಿಯನ್ನು ಅಧ್ಯಯನ ಮಾಡಲು ಹಲವರ ವಿಡಿಯೋ ಒಟ್ಟುಹಾಕಿದರು. ಬೇರೆ ಬೇರೆ ಕ್ಯಾಮೆರಾಗಳಲ್ಲಿ ಸೆರೆಯಾದ ಒಂದೇ ಮಿಂಚನ್ನು ಹಿಡಿದು ಸಮಯ ಹೊಂದಿಸಿದರು. ಹಾಗಾಗಿ ಮುಂದಿನ ಸಲ ನೋಡುವಾಗ ಮಿಂಚುಗಳನ್ನು ಗಮನಿಸಿ.