ಸುತ್ತಿಗೆ ಬೀಳುವ ಮುಂಚೆ

ನಮಸ್ಕಾರ,

ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ದೃಶ್ಯ ತುಂಬಾ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮಾಯಾಲೋಕದ ಧರ್ಮಾಧಿಕಾರಿಯ ಕೈಯಲ್ಲಿ ಒಂದು ಮರದ ಸುತ್ತಿಗೆ. "ಆರ್ಡರ್ ಆರ್ಡರ್" ಎಂದು ಕುಟ್ಟಿದರೆ ಸಭೆ ಗಪ್‌ಚುಪ್. ಮುಂದಿನ ಅಧ್ಯಾಯದಲ್ಲಿ ಅದೇ ಸುತ್ತಿಗೆ ರಾಕ್ಷಸನ ತಲೆ ಒಡೆಯುತ್ತದೆ. ಆಮೇಲೆ ಮಳೆ ತರಿಸುತ್ತದೆ. ಕೊನೆಗೆ ಸತ್ತ ರಾಣಿಯನ್ನೂ ಎಬ್ಬಿಸುತ್ತದೆ. ಇಷ್ಟೆಲ್ಲ ಮಾಡುವ ಸುತ್ತಿಗೆ ಇದ್ದ ಮೇಲೆ ನಿಮ್ಮ ನಾಯಕಿ ಸಿರಿಗೆ ಕಷ್ಟ ಎಲ್ಲಿಂದ ಬರಬೇಕು?

ಮೊದಲು ಆ "ಆರ್ಡರ್ ಆರ್ಡರ್" ತೆಗೆಯಿರಿ. ಅದು ಸಿನಿಮಾದಿಂದ ಬಂದದ್ದು. ನಮ್ಮ ಯಾವುದಾದರೂ ಕೋರ್ಟಿನಲ್ಲಿ ಒಂದು ದಿನ ಸುಮ್ನೆ ಕೂತು ನೋಡಿ. ಜಡ್ಜ್ ಮುಂದೆ ಫೈಲುಗಳ ರಾಶಿ ಇರುತ್ತದೆ, ಸುತ್ತಿಗೆ ಇರುವುದಿಲ್ಲ. ಜೋರು ದನಿ ಏನಿದ್ದರೂ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವವರದು. ಇಂಗ್ಲೆಂಡಿನ ಜಡ್ಜ್‌ಗಳೂ ಸುತ್ತಿಗೆ ಬಳಸುವುದಿಲ್ಲ. ಅದು ಅಮೆರಿಕದ ವಾಡಿಕೆ. ಮಾಯಾಲೋಕದಲ್ಲಿ ಯಾವ ವಾಡಿಕೆ ಬೇಕಾದರೂ ಇರಬಹುದು, ಆದರೆ ಅದನ್ನು ನೀವು ಕಟ್ಟಿರಬೇಕು, ಅಲ್ವಾ?

ಅಮೆರಿಕದ ಸೆನೆಟ್‌ನ ಸುತ್ತಿಗೆಗೆ ಹಿಡಿಯೇ ಇಲ್ಲ. ಮರಳು ಗಡಿಯಾರದ ಆಕಾರದ ದಂತದ ತುಂಡು ಅದು. ಅಂಗೈಯಲ್ಲಿ ಹಿಡಿದು ಕುಟ್ಟುತ್ತಾರೆ. ಹಳೆಯದು 1954ರಲ್ಲಿ, ಸಭೆ ನಡೆಸುತ್ತಿದ್ದ ಆಗಿನ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಕೈಯಲ್ಲಿ ಒಡೆಯಿತು. ಅಷ್ಟು ದೊಡ್ಡ ದಂತ ಅವರಿಗೆ ಅಲ್ಲಿ ಸಿಗಲಿಲ್ಲ. ಭಾರತ ಹೊಸದು ಮಾಡಿಸಿ ಕೊಟ್ಟಿತು. ಒಯ್ದು ಕೊಟ್ಟವರು ನಮ್ಮ ಆಗಿನ ಉಪರಾಷ್ಟ್ರಪತಿ ರಾಧಾಕೃಷ್ಣನ್. (ಹೌದು, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದವರೇ.) 1960ರಲ್ಲಿ ವಿಶ್ವಸಂಸ್ಥೆಯಲ್ಲೂ ಗದ್ದಲ ಅಡಗಿಸಲು ಹೋಗಿ ಮಹಾಸಭೆಯ ಅಧ್ಯಕ್ಷ, ಐರ್ಲೆಂಡಿನ ಬೋಲಂಡ್ ಅವರ ಸುತ್ತಿಗೆ ಮುರಿಯಿತು. ನಿಮ್ಮ ಸುತ್ತಿಗೆಗೆ ಮಾತ್ರ ಒಂದು ಗೀರೂ ಬೀಳುವುದಿಲ್ಲ. ತೀರ್ಪು ಹೇಳುವ ಹೊತ್ತಿಗೇ ಅದು ಎರಡು ಹೋಳಾದರೆ? ಆ ತೀರ್ಪು ನಿಲ್ಲುತ್ತದೋ, ಬಿದ್ದುಹೋಗುತ್ತದೋ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಇನ್ನು ಆ ದೃಶ್ಯ. ಸಂತೆಯಲ್ಲಿ ಸಿರಿಯ ಅಪ್ಪನ ನೆರಳನ್ನು ಸಾಲಕ್ಕೆ ಹರಾಜು ಹಾಕುತ್ತಾರೆ. ಎಂಥ ಕಲ್ಪನೆ! ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ: "ಒಂದು ಸಲ, ಎರಡು ಸಲ, ಮೂರು ಸಲ ಎಂದು ಸುತ್ತಿಗೆ ಬಡಿದಾಗ ಸಿರಿಯ ಹೃದಯ ಛಿದ್ರವಾಯಿತು."

ಹೃದಯ ಬಿಡಿ, ಹರಾಜು ನೋಡಿ. 1930ರ ನಮ್ಮ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಓದಿ. ಸುತ್ತಿಗೆ ಬಿದ್ದಾಗ, ಇಲ್ಲವೇ ವಾಡಿಕೆಯ ಇನ್ಯಾವುದೋ ರೀತಿಯಲ್ಲಿ ಸಾರಿದಾಗ ಮಾರಾಟ ಮುಗಿಯುತ್ತದೆ. ಅಲ್ಲಿಯವರೆಗೆ ಬಿಡ್ ಕೂಗಿದವನು ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಹಾಗಾದರೆ "ಎರಡು ಸಲ" ಆದಮೇಲೂ ನೆರಳು ಅಪ್ಪನದೇ. ಸುತ್ತಿಗೆ ಇನ್ನೂ ಮೇಲಿದೆ. ಬಿಡ್ ಕೂಗಿದ ಸಾಹುಕಾರನ ಮನಸ್ಸು ಕೆಡಿಸಲು ಸಿರಿಗೆ ಅಷ್ಟೇ ಹೊತ್ತು. ಅವಳು ಏನು ಹೇಳಬಹುದು? ಮಧ್ಯಾಹ್ನ ಈ ನೆರಳು ಗೇಣುದ್ದ ಆಗುತ್ತದೆ, ಅಮಾವಾಸ್ಯೆ ರಾತ್ರಿ ಸಿಗುವುದೇ ಇಲ್ಲ, ಕೊಂಡರೆ ಲುಕ್ಸಾನು ಅನ್ನಲಿ. ಸಾಹುಕಾರ ನೆರಳಿನ ತುದಿ ಹಿಡಿದು ಅಳೆದು ನೋಡಲಿ. ಹರಾಜು ಹಾಕುವವನ ಎತ್ತಿದ ಕೈ ನೋಯಲಿ. ಇಲ್ಲಿ ಮೂರು ಪುಟ ತಗೊಳ್ಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಗ ಸುತ್ತಿಗೆಗೆ ಬೇರೆ ಮಾಯೆ ಬೇಕಾಗುವುದಿಲ್ಲ. ಅದು ಬಿದ್ದ ಮೇಲೆ ಮಾತು ಬದಲಾಗಬಾರದು ಎಂದು ಇಡೀ ಸಂತೆ ಒಪ್ಪಿದೆಯಲ್ಲ, ಅದರ ಶಕ್ತಿ ಅಷ್ಟೇ. ಒಪ್ಪದವನೊಬ್ಬ ಗುಂಪಿನಲ್ಲಿದ್ದರೆ ಇನ್ನೂ ಒಳ್ಳೆಯದು.

ರಾಕ್ಷಸ, ಮಳೆ, ರಾಣಿ ಮೂರೂ ಹೋಗಲಿ. ಸಂತೆಯಿಂದಲೇ ಶುರು ಮಾಡಿ. "ಛಿದ್ರ", "ಸ್ತಬ್ಧ", "ಪ್ರಚಂಡ" ಜಾಸ್ತಿ ಆಗಿವೆ, ಕಡಿಮೆ ಮಾಡಿ. ಎರಡು ಸಾವಿರ ಪದದೊಳಗೆ ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಧರ್ಮಾಧಿಕಾರಿಯ ಗಡ್ಡದ ವರ್ಣನೆ ಒಂದೂವರೆ ಪುಟ ಇದೆ. ಅದನ್ನು ಮಾತ್ರ ದಯವಿಟ್ಟು ವಾಪಸ್ ತರಬೇಡಿ.

ಇಂತಿ,
ಸಂಪಾದಕ