60 ಕಿಲೋ ಅಕ್ಕಿಯ ಸಾಲು ಅಳಿಸಬೇಕೇ?

ನಮಸ್ಕಾರ. ಪುಣೆಯ ಮನೆಗಳ ಆಹಾರ ಸಮೀಕ್ಷೆಯಲ್ಲಿ ಮೂರು ಜನರ ಮನೆಯೊಂದು ತಿಂಗಳಿಗೆ 60 ಕಿಲೋ ಅಕ್ಕಿ ಬಳಸಿದೆ ಎಂದು ಬಂದಿದೆ, ಆ ಸಾಲು ತೆಗೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಸುಮ್ನೆ ತೆಗೆಯಬೇಡಿ. ಸ್ಯಾಂಪಲ್‌ನಲ್ಲಿ ಆ ಒಂದು ಮನೆ ಎಷ್ಟೋ ಮನೆಗಳ ಪರವಾಗಿ ನಿಂತಿರುತ್ತದೆ, ಅಲ್ವಾ?

ಮೊದಲು ಹೊರಗಿನವರು ಉಂಡ ಊಟಗಳ ಕಾಲಂ ನೋಡಿ. ನಮ್ಮ ಪುಣೆಯಲ್ಲಿ ಓದುವ ಹುಡುಗರಿಗೆ ಡಬ್ಬಿ ಕಟ್ಟಿಕೊಡುವ ಮನೆಗಳು ಎಷ್ಟಿಲ್ಲ ಹೇಳಿ! ಕನ್ನಡದವರೂ ಇದ್ದಾರೆ. ಮಾರಲು ಬೇಯಿಸಿದ ಅಕ್ಕಿ ಆ ಮನೆಯ ಬಳಕೆಯಲ್ಲ, ಅದನ್ನು ಬೇರೆ ಮಾಡಬೇಕು. ನೆಂಟರು ಉಂಡದ್ದು ಖರ್ಚಿನಲ್ಲಿ ಇರಲಿ. ಆದರೆ ತಲಾ ಕ್ಯಾಲೊರಿ ತೆಗೆಯುವಾಗ ಬರೀ ಮೂರರಿಂದ ಭಾಗಿಸಬೇಡಿ, ಊಟಗಳ ಲೆಕ್ಕದಿಂದ ಸರಿಪಡಿಸಿ. ಕೊಂಡ ಮೂಟೆಯನ್ನೇ ಬಳಕೆ ಎಂದು ಬರೆದಿರಲೂಬಹುದು.

ಆಮೇಲೆ ಅಕ್ಕಿಗೆ ಕೊಟ್ಟ ಮೊತ್ತವನ್ನು ಕಿಲೋದಿಂದ ಭಾಗಿಸಿ. 240 ರೂಪಾಯಿಗೆ 60 ಕಿಲೋ, ಅಂದರೆ ಕಿಲೋಗೆ 4 ರೂಪಾಯಿ ಬಂದರೆ ಕಿಲೋ ಅಂಕಿಯಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿರುವ ಸಾಧ್ಯತೆ ದೊಡ್ಡದು. ಪಡಿತರದ ಅಕ್ಕಿಗೆ ಈ ಪರೀಕ್ಷೆ ಬೇಡ. 2023ರ ಜನವರಿಯಿಂದ ಅದು ಉಚಿತ, ಬೆಲೆ ಸೊನ್ನೆ ಇದ್ದರೂ ತಪ್ಪಲ್ಲ.

ಇನ್ನೊಂದು ಮಾತು. 2022-23ರ ಮನೆಬಳಕೆ ಖರ್ಚಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಕ್ಕಿ, ಬೇಳೆಗೆ 30 ದಿನದ ಲೆಕ್ಕ, ತರಕಾರಿ, ಮೊಟ್ಟೆ, ಮೀನು, ಅಡುಗೆ ಎಣ್ಣೆಗೆ 7 ದಿನದ ಲೆಕ್ಕ ಕೇಳಿದ್ದರು. ನಿಮ್ಮದೂ ಹಾಗಿದ್ದರೆ 7 ದಿನದ್ದನ್ನು 4ರಿಂದ ಗುಣಿಸಬೇಡಿ, ಎರಡು ದಿನದ ಊಟವೇ ಮಾಯವಾಗುತ್ತದೆ. 30ರಿಂದ ಗುಣಿಸಿ 7ರಿಂದ ಭಾಗಿಸಿ.

ಏನೇ ತಿದ್ದಿದರೂ ಮೂಲ ಅಂಕಿ ಹಾಗೇ ಉಳಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ. ಡಬ್ಬಿ ಮನೆಯೋ ಅಲ್ಲವೋ ಗೊತ್ತಾಗದಿದ್ದರೆ ಅಲ್ಲಿಗೆ ಹೋಗಿದ್ದ ಸಮೀಕ್ಷಕರನ್ನೇ ಕೇಳಿ.